ಆಸ್ಪತ್ರೆ ವರದಿಯ ಉದ್ದುದ್ದ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದುವ ಬಗೆ

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಲ್ಯಾಪರೋಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ' ಎಂದಿರುತ್ತದೆ. ಮನೆಯವರು ಅದನ್ನು ಹಾಗೇ ಮಡಚಿ ಫೈಲಿಗೆ ಹಾಕುತ್ತಾರೆ. ಕೆಲವು ವರ್ಷಗಳ ನಂತರ ಬೇರೊಬ್ಬ ವೈದ್ಯರು "ಹಿಂದೆ ಏನು ಆಪರೇಷನ್ ಆಗಿತ್ತು?" ಎಂದು ಕೇಳಿದಾಗ "ಹೊಟ್ಟೆಯದು" ಎಂಬ ಉತ್ತರ ಬರುತ್ತದೆ. ಹೊಟ್ಟೆಯಲ್ಲಿ ಜಠರ, ಕರುಳು, ಯಕೃತ್ತು, ಪಿತ್ತಕೋಶ, ಗರ್ಭಕೋಶ ಎಲ್ಲವೂ ಇವೆ. ಆ ಎರಡು ಪದಗಳಲ್ಲಿ ಮಾತ್ರ ಪೂರ್ತಿ ಉತ್ತರವಿತ್ತು: ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾದಲ್ಲಿ ನೋಡುತ್ತ, ಪಿತ್ತಕೋಶವನ್ನು ತೆಗೆದಿದ್ದಾರೆ.

ವೈದ್ಯಕೀಯ ಇಂಗ್ಲಿಷಿನ ಪದಗಳು ಉದ್ದ, ಆದರೆ ಬಿಡಿಸಲು ಬರುತ್ತವೆ. ಗ್ರೀಕ್ ಮತ್ತು ಲ್ಯಾಟಿನ್‌ನಿಂದ ಬಂದ ಅವೇ ಅಕ್ಷರಗುಂಪುಗಳು ನೂರಾರು ಪದಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಐವತ್ತು ಅರವತ್ತು ತುಂಡುಗಳ ಪರಿಚಯ ಮಾಡಿಕೊಂಡರೆ ಮನೆಗೆ ಬರುವ ವರದಿಗಳಲ್ಲಿ ಬಹುಪಾಲು ಬಿಡಿಸಿಕೊಳ್ಳುತ್ತವೆ. ಬೇಕಾದದ್ದು ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಮನೆಯಲ್ಲಿರುವ ಹಳೆಯ ವರದಿಗಳು.

ಮೊದಲು ಅಕ್ಷರ, ಆಮೇಲೆ ಉಚ್ಚಾರ

ಪದವನ್ನು ಕಿವಿಯಿಂದ ಹಿಡಿಯಲು ಹೋದರೆ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. 'ನ್ಯುಮೋನಿಯ' ಶುರುವಾಗುವುದು ಪಿ ಅಕ್ಷರದಿಂದ, ಅದರ ಉಚ್ಚಾರ ಇಲ್ಲ, ಅಷ್ಟೇ. 'ಕೋಲಿ' ಎಂದು ಕೇಳಿಸುವ ಪಿತ್ತದ ತುಂಡನ್ನು ಸಿ-ಎಚ್-ಒ-ಎಲ್-ಇ ಎಂದು ಬರೆಯುತ್ತಾರೆ. ನಿಘಂಟಿನಲ್ಲಿ ಕೆ ಅಕ್ಷರದಡಿ ಹುಡುಕಿದರೆ ಅದು ಸಿಗುವುದಿಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಟ್ಟು, ದೊಡ್ಡದಾಗಿ ಬರೆದುಕೊಳ್ಳಿ. ಕನ್ನಡದ ಉಚ್ಚಾರವನ್ನು ಅದರ ಕೆಳಗೆ ಬರೆಯಿರಿ.

ನಮ್ಮ ಲ್ಯಾಬ್‌ಗಳಲ್ಲಿ ಬ್ರಿಟಿಷ್ ಕಾಗುಣಿತವೂ ಅಮೆರಿಕನ್ ಕಾಗುಣಿತವೂ ಬೆರೆತಿವೆ. ರಕ್ತಹೀನತೆಯ 'ಅನೀಮಿಯ'ವನ್ನು ಒಬ್ಬರು ನಡುವೆ ಎ-ಇ ಎರಡೂ ಇಟ್ಟು ಬರೆಯುತ್ತಾರೆ, ಇನ್ನೊಬ್ಬರು ಬರೀ ಇ ಇಡುತ್ತಾರೆ. ಊತ ಎಂಬ ಅರ್ಥದ 'ಇಡೀಮ' ಬ್ರಿಟಿಷ್ ರೂಪದಲ್ಲಿ ಒ ಅಕ್ಷರದಿಂದ, ಅಮೆರಿಕನ್ ರೂಪದಲ್ಲಿ ಇ ಅಕ್ಷರದಿಂದ ಶುರುವಾಗುತ್ತದೆ. ಒಂದೇ ರೋಗಿಯ ಎರಡು ವರದಿಗಳಲ್ಲಿ ಎರಡು ರೂಪ ಕಂಡರೆ ಎರಡು ಕಾಯಿಲೆ ಎಂದುಕೊಳ್ಳಬೇಡಿ.

ಬಾಲದಿಂದ ಕತ್ತರಿಸಿ

ಪದದ ಕೊನೆಯ ತುಂಡು ಶುರುವಾಗುವಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಇದು ರೋಗವೋ, ಶಸ್ತ್ರಚಿಕಿತ್ಸೆಯೋ, ಪರೀಕ್ಷೆಯೋ ಎಂಬುದನ್ನು ಆ ತುಂಡು ಹೇಳುತ್ತದೆ. ಕನ್ನಡಿಗರಿಗೆ ಇದು ಹೊಸ ಅಭ್ಯಾಸವೇನಲ್ಲ. 'ಮೂತ್ರಪಿಂಡದ ಉರಿಯೂತ' ಎನ್ನುವಾಗ ಮುಖ್ಯ ಮಾತು ಕೊನೆಗೆ ಬರುವ ಹಾಗೆಯೇ 'ನೆಫ್ರೈಟಿಸ್'ನಲ್ಲೂ ಉರಿಯೂತ ಕೊನೆಗಿದೆ.

ಹೆಚ್ಚು ಸಿಗುವ ಬಾಲ ಐ-ಟಿ-ಐ-ಎಸ್, 'ಐಟಿಸ್'. ಅರ್ಥ ಉರಿಯೂತ. ಗ್ಯಾಸ್ಟ್ರೈಟಿಸ್ ಜಠರದ್ದು, ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲಿನದು, ಡರ್ಮಟೈಟಿಸ್ ಚರ್ಮದ್ದು, ಮೆನಿಂಜೈಟಿಸ್ ಮಿದುಳಿನ ಪೊರೆಯದು, ಪ್ಯಾಂಕ್ರಿಯಟೈಟಿಸ್ ಮೇದೋಜೀರಕ ಗ್ರಂಥಿಯದು. ಉರಿಯೂತ ಎಂದರೆ ಸೋಂಕು ಎಂದಲ್ಲ. ಹೆಪಟೈಟಿಸ್ ವೈರಸ್‌ನಿಂದಲೂ ಬರುತ್ತದೆ, ಮದ್ಯದಿಂದಲೂ, ಕೆಲವು ಔಷಧಗಳಿಂದಲೂ ಬರುತ್ತದೆ. ಹೆಸರು ಜಾಗವನ್ನೂ ಘಟನೆಯನ್ನೂ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. 'ಐಟಿಸ್' ಕಂಡ ಕೂಡಲೇ ಆ್ಯಂಟಿಬಯಾಟಿಕ್ ಕೇಳುವುದು ಇದಕ್ಕೇ ತಪ್ಪು.

'ಓಸಿಸ್' ಎಂದರೆ ಒಂದು ಸ್ಥಿತಿ, ಬಹುಮಟ್ಟಿಗೆ ನಿಧಾನವಾಗಿ ಬೆಳೆದದ್ದು. ಫೈಬ್ರೋಸಿಸ್ ಎಂದರೆ ಅಂಗಾಂಶ ನಾರುಗಟ್ಟಿರುವುದು, ಸ್ಟೆನೋಸಿಸ್ ಎಂದರೆ ನಾಳ ಅಥವಾ ಕವಾಟ ಕಿರಿದಾಗಿರುವುದು, ಥ್ರಾಂಬೋಸಿಸ್ ಎಂದರೆ ರಕ್ತನಾಳದೊಳಗೆ ಹೆಪ್ಪು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಫ್ಲೋರೋಸಿಸ್ ಎಂಬ ಪದ ಮೊದಲೇ ಗೊತ್ತಿರುತ್ತದೆ. ಅದರ ಬಾಲವೂ ಇದೇ.

'ಓಮ' ಎಂದರೆ ಗಡ್ಡೆ. ಇದು ಮನೆಯವರ ನಿದ್ದೆ ಕೆಡಿಸುವ ಬಾಲ, ಆದ್ದರಿಂದ ಇಲ್ಲಿ ನಿಧಾನ ಬೇಕು. ಲೈಪೋಮ ಕೊಬ್ಬಿನ ಗಡ್ಡೆ, ಅಪಾಯಕಾರಿಯಲ್ಲ. ಅಡಿನೋಮ ಗ್ರಂಥಿಯ ಗಡ್ಡೆ, ಅದೂ ಕ್ಯಾನ್ಸರ್ ಅಲ್ಲ. ಕಾರ್ಸಿನೋಮ ಮತ್ತು ಸಾರ್ಕೋಮ ಕ್ಯಾನ್ಸರ್‌ಗಳು. ಲಿಂಫೋಮ, ಮೆಲನೋಮ ಎಂಬ ಹೆಸರುಗಳು ಲೈಪೋಮದಷ್ಟೇ ಸೌಮ್ಯವಾಗಿ ಕೇಳಿಸಿದರೂ ಅವೂ ಕ್ಯಾನ್ಸರ್‌ಗಳೇ. ಹೆಮಟೋಮ ಗಡ್ಡೆಯೇ ಅಲ್ಲ, ಪೆಟ್ಟು ಬಿದ್ದಲ್ಲಿ ನಾಳದಿಂದ ಹೊರಬಂದು ನಿಂತ ರಕ್ತ. ಗ್ಲಾಕೋಮಕ್ಕೂ ಗಡ್ಡೆಗೂ ಸಂಬಂಧವಿಲ್ಲ, ಅದು ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ. ಹೀಗಾಗಿ ಈ ಒಂದು ಬಾಲದ ಪದಗಳನ್ನು ಬಿಡಿಸಿದ ಮೇಲೂ ವೈದ್ಯರನ್ನು ಕೇಳದೆ ತೀರ್ಮಾನಕ್ಕೆ ಬರಬೇಡಿ. ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ) ವರದಿಯಲ್ಲಿ 'ಬಿನೈನ್' ಎಂದಿದ್ದರೆ ಕ್ಯಾನ್ಸರ್ ಅಲ್ಲ, 'ಮ್ಯಾಲಿಗ್ನೆಂಟ್' ಎಂದಿದ್ದರೆ ಕ್ಯಾನ್ಸರ್.

ಉಳಿದವು ಬೇಗ ಹಿಡಿಯುತ್ತವೆ. 'ಆಲ್ಜಿಯ' ನೋವು: ಮಯಾಲ್ಜಿಯ ಸ್ನಾಯುನೋವು, ಆರ್ಥ್ರಾಲ್ಜಿಯ ಕೀಲುನೋವು. 'ಮೆಗಲಿ' ದೊಡ್ಡದಾಗುವುದು: ಕಾರ್ಡಿಯೊಮೆಗಲಿ ಎಂದರೆ ಹೃದಯ ಹಿಗ್ಗಿದೆ. 'ಪತಿ' ಎಂದು ಉಚ್ಚರಿಸುವ ಬಾಲ ರೋಗ: ಮಧುಮೇಹಿಗಳ ವರದಿಯಲ್ಲಿ ನ್ಯೂರೋಪತಿ ನರದ್ದು, ನೆಫ್ರೋಪತಿ ಮೂತ್ರಪಿಂಡದ್ದು, ರೆಟಿನೋಪತಿ ಅಕ್ಷಿಪಟಲದ್ದು. 'ಪ್ಲೀಜಿಯ' ಪಾರ್ಶ್ವವಾಯುವಿನ ಪೂರ್ಣ ಸ್ವಾಧೀನತಪ್ಪುವಿಕೆ, 'ಪರೀಸಿಸ್' ಅದೇ ಜಾಗದ ಬಲಹೀನತೆ.

ತೆಗೆದದ್ದೇ, ಕೊಯ್ದದ್ದೇ, ಬಾಯಿ ಮಾಡಿದ್ದೇ

ಶಸ್ತ್ರಚಿಕಿತ್ಸೆಯ ಬಾಲಗಳಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸಕ್ಕೆ ಬದುಕೇ ಬೇರೆಯಾಗುವ ಮೂರು ಇವೆ. 'ಎಕ್ಟಮಿ' ಎಂದರೆ ಕೊಯ್ದು ಹೊರತೆಗೆಯುವುದು. 'ಆಟಮಿ' ಎಂದರೆ ಕೊಯ್ದು ತೆರೆಯುವುದು. 'ಆಸ್ಟಮಿ' ಎಂದರೆ ಹೊಸದಾಗಿ ಒಂದು ಬಾಯಿ ಮಾಡುವುದು, ಗ್ರೀಕಿನಲ್ಲಿ 'ಸ್ಟೋಮ' ಎಂದರೆ ಬಾಯಿ.

ದೊಡ್ಡ ಕರುಳನ್ನೇ ತೆಗೆದುಕೊಳ್ಳಿ. ಕೊಲೆಕ್ಟಮಿ ಆದರೆ ಕರುಳಿನ ಒಂದು ಭಾಗವನ್ನೋ ಪೂರ್ತಿಯನ್ನೋ ತೆಗೆದಿದ್ದಾರೆ. ಕೊಲಾಟಮಿ ಆದರೆ ಕರುಳನ್ನು ಕೊಯ್ದು, ಒಳಗಿನ ಕೆಲಸ ಮುಗಿಸಿ, ಮುಚ್ಚಿದ್ದಾರೆ. ಕೊಲಾಸ್ಟಮಿ ಆದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲ್ಮೈಗೆ ತಂದು ಕೂರಿಸಿದ್ದಾರೆ, ಮಲ ಅಲ್ಲಿಂದ ಚೀಲಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಕೊನೆಯ ಎರಡಕ್ಕೆ ವ್ಯತ್ಯಾಸ ಒಂದೇ ಎಸ್ ಅಕ್ಷರ. ಸಮ್ಮತಿಪತ್ರಕ್ಕೆ ಸಹಿ ಹಾಕುವ ಮುನ್ನ ಆ ಎಸ್ ಇದೆಯೇ ಎಂದು ಬೆರಳಿಟ್ಟು ನೋಡಿ. ಇದ್ದರೆ ಎರಡು ಪ್ರಶ್ನೆ ಕೇಳಿ: ಈ ಬಾಯಿ ತಾತ್ಕಾಲಿಕವೋ ಶಾಶ್ವತವೋ, ತಾತ್ಕಾಲಿಕವಾದರೆ ಮುಚ್ಚುವುದು ಯಾವಾಗ.

ಎರಡು ಅಂಗಗಳ ಹೆಸರು ಸೇರಿ 'ಆಸ್ಟಮಿ' ಬಂದರೆ, ಆ ಎರಡರ ನಡುವೆ ದಾರಿ ಜೋಡಿಸಿದ್ದಾರೆ ಎಂದರ್ಥ. ಗ್ಯಾಸ್ಟ್ರೊಜೆಜುನಾಸ್ಟಮಿ ಎಂದರೆ ಜಠರವನ್ನು ಸಣ್ಣ ಕರುಳಿನ ನಡುಭಾಗವಾದ ಜೆಜುನಮ್‌ಗೆ ಜೋಡಿಸಿರುವುದು. ಹೊರಗೆ ಚೀಲ ಇರುವುದಿಲ್ಲ.

ತಲೆಬುರುಡೆಯಲ್ಲೂ ಇಂಥದೇ ಜೋಡಿ ಇದೆ. ಕ್ರೇನಿಯಾಟಮಿಯಲ್ಲಿ ಮೂಳೆಯ ತುಂಡನ್ನು ಎತ್ತಿ, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಕೂರಿಸುತ್ತಾರೆ. ಕ್ರೇನಿಯೆಕ್ಟಮಿಯಲ್ಲಿ ಆ ತುಂಡನ್ನು ಕೂಡಲೇ ಮರಳಿ ಇಡುವುದಿಲ್ಲ, ಮಿದುಳಿನ ಮೇಲೆ ಆ ಜಾಗದಲ್ಲಿ ಚರ್ಮವಷ್ಟೇ ಇರುತ್ತದೆ. ರೋಗಿ ಮನೆಗೆ ಬಂದಾಗ ಆ ಬದಿಗೆ ಒರಗಿ ಮಲಗಿಸಬಾರದು, ಪೆಟ್ಟು ತಾಗದಂತೆ ಕಾಯಬೇಕು. ಮನೆಯವರು ಈ ಎರಡು ಪದಗಳನ್ನು ಬೇರೆ ಮಾಡಿ ಓದಲೇಬೇಕು.

'ಪ್ಲಾಸ್ಟಿ' ಎಂದರೆ ರಿಪೇರಿ ಅಥವಾ ಮರುರಚನೆ. 'ಆ್ಯಂಜಿಯೊ' ಎಂದರೆ ನಾಳ. ಆ್ಯಂಜಿಯೊಗ್ರಾಮ್ ಆದರೆ ನಾಳಕ್ಕೆ ಕಿರಣಕ್ಕೆ ಎದ್ದು ಕಾಣುವ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಚಿತ್ರ ತೆಗೆದರು, ಅಷ್ಟೇ. ಆ್ಯಂಜಿಯೊಪ್ಲಾಸ್ಟಿ ಆದರೆ ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿದರು, ಹೆಚ್ಚಾಗಿ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಕೂಡ ಇಟ್ಟರು. ಹೃದಯದ ನಾಳದಲ್ಲಿ ಇದನ್ನು ಮೊದಲು ಮಾಡಿದವರು ಆ್ಯಂಡ್ರಿಯಾಸ್ ಗ್ರುಂಟ್ಸಿಗ್, 1977ರಲ್ಲಿ, ಜೂರಿಕ್‌ನಲ್ಲಿ. ಡಿಸ್ಚಾರ್ಜ್ ಪತ್ರದಲ್ಲಿ ಪಿ-ಟಿ-ಸಿ-ಎ ಎಂದು ಕಾಣುವುದು ಇದೇ: ಪರ್‌ಕ್ಯುಟೇನಿಯಸ್ ಟ್ರಾನ್ಸ್‌ಲ್ಯೂಮಿನಲ್ ಕರೊನರಿ ಆ್ಯಂಜಿಯೊಪ್ಲಾಸ್ಟಿ. 'ಪರ್' ಮೂಲಕ, 'ಕ್ಯುಟೇನಿಯಸ್' ಚರ್ಮದ, 'ಟ್ರಾನ್ಸ್‌ಲ್ಯೂಮಿನಲ್' ನಾಳದ ಒಳಗಿನಿಂದ, 'ಕರೊನರಿ' ಹೃದಯಕ್ಕೆ ರಕ್ತ ಕೊಡುವ ಅಪಧಮನಿಯ. ಎದೆ ತೆರೆದಿಲ್ಲ ಎಂಬುದು ಹೆಸರಿನಲ್ಲೇ ಇದೆ. ಊರಿನಲ್ಲಿ "ಹಾರ್ಟ್ ಆಪರೇಷನ್ ಆಯ್ತು" ಎಂದು ಒಂದೇ ಮಾತಿನಲ್ಲಿ ಹೇಳುವ ಮೂರು ಸಂಗತಿಗಳು, ಅಂದರೆ ಆ್ಯಂಜಿಯೊಗ್ರಾಮ್, ಆ್ಯಂಜಿಯೊಪ್ಲಾಸ್ಟಿ, ಬೈಪಾಸ್ (ಕಟ್ಟಿದ ನಾಳವನ್ನು ತಪ್ಪಿಸಿ ರಕ್ತಕ್ಕೆ ಹೊಸ ದಾರಿ ಜೋಡಿಸುವ ಶಸ್ತ್ರಚಿಕಿತ್ಸೆ), ಬೇರೆ ಬೇರೆ. ಸ್ಟೆಂಟ್ ಇಟ್ಟಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸುವಂತಿಲ್ಲ. ಹಲ್ಲು ಕೀಳಿಸಲು ಹೋದಾಗಲೂ ಇದನ್ನು ಸರಿಯಾಗಿ ಹೇಳಬೇಕಾಗುತ್ತದೆ.

ಪರೀಕ್ಷೆಯ ಬಾಲಗಳು ಸುಲಭ. 'ಸ್ಕೋಪಿ' ಒಳಗೆ ನೋಡುವುದು, 'ಗ್ರಾಫಿ' ದಾಖಲಿಸುವ ಕ್ರಿಯೆ, 'ಗ್ರಾಮ್' ದಾಖಲೆ. 'ಸೆಂಟೀಸಿಸ್' ಸೂಜಿ ಚುಚ್ಚಿ ದ್ರವ ತೆಗೆಯುವುದು. ಗರ್ಭಿಣಿಯರಿಗೆ ಮಾಡುವ ಆ್ಯಮ್ನಿಯೊಸೆಂಟೀಸಿಸ್ ಗರ್ಭಜಲದ್ದು.

ತಲೆ ನೋಡಿ: ಎಷ್ಟು, ಎಲ್ಲಿ

ಇನ್ನು ಪದದ ಮುಂಭಾಗದಲ್ಲಿ ಗೆರೆ ಎಳೆಯಿರಿ. 'ಹೈಪರ್' ಹೆಚ್ಚು, 'ಹೈಪೊ' ಕಡಿಮೆ. ಫೋನಿನಲ್ಲಿ ಈ ಎರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಹೈಪೊಗ್ಲೈಸೀಮಿಯ ಎಂದರೆ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದೆ, ಎಚ್ಚರವಿದ್ದು ನುಂಗಲು ಆಗುವವರಿಗೆ ಕೂಡಲೇ ಸಕ್ಕರೆ ಕೊಡಬೇಕು. ಇದನ್ನು 'ಹೈಪರ್' ಎಂದು ಕೇಳಿಸಿಕೊಂಡು ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ದೂರದಿಂದ ಹೇಳುವಾಗ ಇಂಗ್ಲಿಷ್ ಪದ ಬಿಟ್ಟು "ಶುಗರ್ ಕಡಿಮೆಯಾಗಿದೆ", "ಶುಗರ್ ಜಾಸ್ತಿಯಾಗಿದೆ" ಎನ್ನಿ, ಸಂಖ್ಯೆಯನ್ನೂ ಹೇಳಿ.

'ಟ್ಯಾಕಿ' ವೇಗ, 'ಬ್ರ್ಯಾಡಿ' ನಿಧಾನ. ದೊಡ್ಡವರಲ್ಲಿ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿತವಿದ್ದರೆ ಟ್ಯಾಕಿಕಾರ್ಡಿಯ, 60ಕ್ಕಿಂತ ಕಡಿಮೆಯಿದ್ದರೆ ಬ್ರ್ಯಾಡಿಕಾರ್ಡಿಯ. 'ಪಾಲಿ' ಬಹಳ, 'ಆಲಿಗೊ' ಸ್ವಲ್ಪ, 'ಎ' ಅಥವಾ 'ಆ್ಯನ್' ಇಲ್ಲದ್ದು. ಮೂತ್ರಕ್ಕೆ ಸಂಬಂಧಿಸಿದ 'ಯೂರಿಯ' ಬಾಲಕ್ಕೆ ಇವನ್ನು ಹಚ್ಚಿ ನೋಡಿ: ಪಾಲಿಯೂರಿಯ ದಿನಕ್ಕೆ ಸುಮಾರು 3 ಲೀಟರಿಗಿಂತ ಹೆಚ್ಚು, ಆಲಿಗೂರಿಯ 400 ಮಿಲಿಲೀಟರಿಗಿಂತ ಕಡಿಮೆ, ಆ್ಯನೂರಿಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 'ಡಿಸ್' ಕಷ್ಟ ಅಥವಾ ಕೆಟ್ಟದ್ದು: ಡಿಸ್ಯೂರಿಯ ಉರಿಮೂತ್ರ, ಡಿಸ್ಪ್ನಿಯ ಉಸಿರಾಟದ ಕಷ್ಟ.

ಜಾಗ ಹೇಳುವ ತಲೆಗಳಲ್ಲಿ 'ಎಂಡೊ' ಒಳಗೆ, 'ಪೆರಿ' ಸುತ್ತ. ಹೃದಯದ ಒಳಪೊರೆಯ ಉರಿಯೂತ ಎಂಡೊಕಾರ್ಡೈಟಿಸ್, ಸುತ್ತಲ ಪೊರೆಯದು ಪೆರಿಕಾರ್ಡೈಟಿಸ್, ನಡುವಿನ ಸ್ನಾಯುವಿನದು ಮಯೊಕಾರ್ಡೈಟಿಸ್.

ನಡುವಿನ ಅಂಗ

ಉಳಿದ ನಡುಭಾಗ ಅಂಗವನ್ನೋ ವಸ್ತುವನ್ನೋ ಹೇಳುತ್ತದೆ. ಇಲ್ಲಿ ಹೊಸಬರನ್ನು ಗೊಂದಲಕ್ಕೆ ಹಾಕುವುದು ಒಂದೇ ಅಂಗಕ್ಕಿರುವ ಎರಡು ಹೆಸರು. ಮೂತ್ರಪಿಂಡ ಗ್ರೀಕಿನಿಂದ ಬಂದಾಗ 'ನೆಫ್ರ್', ಲ್ಯಾಟಿನ್‌ನಿಂದ ಬಂದಾಗ 'ರೀನ್'. ಸಾಮಾನ್ಯವಾಗಿ ರೋಗ ಮತ್ತು ಶಸ್ತ್ರಚಿಕಿತ್ಸೆಗೆ ಗ್ರೀಕ್ ರೂಪ, ಅಂಗದ ಭಾಗಗಳನ್ನು ಹೇಳಲು ಲ್ಯಾಟಿನ್ ರೂಪ: ನೆಫ್ರೈಟಿಸ್, ಆದರೆ ರೀನಲ್ ಆರ್ಟರಿ. ಶ್ವಾಸಕೋಶಕ್ಕೆ 'ನ್ಯುಮೊ' ಮತ್ತು 'ಪಲ್ಮನ್', ಗರ್ಭಕೋಶಕ್ಕೆ 'ಹಿಸ್ಟರ್' ಮತ್ತು 'ಯೂಟರ್'. ನೋಟ್‌ಬುಕ್ಕಿನಲ್ಲಿ ಅಂಗದ ಕನ್ನಡ ಹೆಸರಿನ ಎದುರು ಎರಡನ್ನೂ ಬರೆಯಿರಿ.

'ಸಿಸ್ಟ್' ಎಂದರೆ ಚೀಲ. ಒಂಟಿಯಾಗಿ ಬಂದರೆ ಮೂತ್ರಕೋಶ: ಸಿಸ್ಟೈಟಿಸ್, ಸಿಸ್ಟಾಸ್ಕೋಪಿ. ಅದಕ್ಕೆ ಮೊದಲು 'ಕೋಲಿ' ಸೇರಿದರೆ ಪಿತ್ತದ ಚೀಲ. 'ಮಯೆಲ್' ಎರಡು ಕೆಲಸ ಮಾಡುತ್ತದೆ: ಪೋಲಿಯೊಮಯೆಲೈಟಿಸ್‌ನಲ್ಲಿ ಮಿದುಳುಬಳ್ಳಿ, ಮಯೆಲೋಮದಲ್ಲಿ ಅಸ್ಥಿಮಜ್ಜೆ. ಇ ಮತ್ತು ಎಲ್ ಅಕ್ಷರಗಳು ಬಿಟ್ಟುಹೋದರೆ 'ಮಯೊ', ಅದು ಸ್ನಾಯು.

ತುಂಡುಗಳ ನಡುವೆ ಮತ್ತೆ ಮತ್ತೆ ಒ ಅಕ್ಷರ ಕಾಣುತ್ತದೆ. ಅದಕ್ಕೆ ಅರ್ಥವಿಲ್ಲ, ಉಚ್ಚಾರಕ್ಕೆ ಹಾಕಿದ ಬೆಸುಗೆ. ಬಾಲ ವ್ಯಂಜನದಿಂದ ಶುರುವಾದರೆ ಒ ಇರುತ್ತದೆ, ಗ್ಯಾಸ್ಟ್ರೊಸ್ಕೋಪಿ. ಸ್ವರದಿಂದ ಶುರುವಾದರೆ ಬಿದ್ದುಹೋಗುತ್ತದೆ, ಗ್ಯಾಸ್ಟ್ರೈಟಿಸ್. ಎರಡು ಅಂಗಗಳ ನಡುವೆ ಮಾತ್ರ ಮುಂದೆ ಸ್ವರ ಬಂದರೂ ಉಳಿಯುವುದುಂಟು, ಗ್ಯಾಸ್ಟ್ರೊಎಂಟರೈಟಿಸ್. ಗೆರೆ ಎಳೆಯುವಾಗ ಈ ಒ ಅಕ್ಷರದ ಪಕ್ಕದಲ್ಲೇ ಹುಡುಕಿ, ಕೀಲು ಅಲ್ಲೇ ಇರುತ್ತದೆ.

ಪೂರ್ತಿ ಬಿಡಿಸಿದ ಕೆಲವು

ಈಸಾಫಗೊಗ್ಯಾಸ್ಟ್ರೊಡುಯೊಡಿನಾಸ್ಕೋಪಿ. ಬ್ರಿಟಿಷ್ ಕಾಗುಣಿತದಲ್ಲಿ 27 ಅಕ್ಷರ, ಅಮೆರಿಕನ್‌ನಲ್ಲಿ 26. ಬಾಲ 'ಸ್ಕೋಪಿ', ಒಳಗೆ ನೋಡುವುದು. ಉಳಿದದ್ದು ಮೂರು ಅಂಗಗಳು, ಅದೂ ಕೊಳವೆ ಇಳಿಯುವ ಕ್ರಮದಲ್ಲೇ: ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ. ಚೀಟಿಯಲ್ಲಿ ಒ-ಜಿ-ಡಿ ಅಥವಾ ಇ-ಜಿ-ಡಿ ಎಂದಿರುತ್ತದೆ, ಬಾಯಿಮಾತಿನಲ್ಲಿ ಬರೀ ಎಂಡೋಸ್ಕೋಪಿ.

ಥ್ರಾಂಬೊಸೈಟೊಪೀನಿಯ. ಡೆಂಗಿ ಕಾಲದಲ್ಲಿ ಎಲ್ಲರ ಬಾಯಲ್ಲೂ 'ಪ್ಲೇಟ್‌ಲೆಟ್ ಕಡಿಮೆ' ಎಂದಾಗುವುದು ಇದೇ. 'ಪೀನಿಯ' ಕೊರತೆ, 'ಸೈಟ್' ಜೀವಕೋಶ, 'ಥ್ರಾಂಬೊ' ಹೆಪ್ಪು. ಹೆಪ್ಪುಗಟ್ಟಿಸುವ ಕಣಗಳ ಕೊರತೆ, ಮೈಕ್ರೊಲೀಟರಿಗೆ 1.5 ಲಕ್ಷಕ್ಕಿಂತ ಕಡಿಮೆ. ಇದರ ತದ್ವಿರುದ್ಧ ಥ್ರಾಂಬೊಸೈಟೋಸಿಸ್, 4.5 ಲಕ್ಷಕ್ಕಿಂತ ಹೆಚ್ಚು. ತಲೆ, ನಡು ಎರಡೂ ಒಂದೇ, ಬಾಲ ನೋಡದಿದ್ದರೆ ಅರ್ಥ ಉಲ್ಟಾ. 'ಥ್ರಾಂಬೊ' ಬದಲು 'ಲ್ಯೂಕೊ' ಬಂದರೆ ಬಿಳಿ ರಕ್ತಕಣ, 'ಪ್ಯಾನ್' ಬಂದರೆ ಎಲ್ಲ ಬಗೆಯ ರಕ್ತಕಣ.

ಹೈಪೊಕಲೀಮಿಯ. ಕೊನೆಯ 'ಈಮಿಯ' ರಕ್ತದಲ್ಲಿ, 'ಹೈಪೊ' ಕಡಿಮೆ, ನಡುವಿನ 'ಕಲ್' ಪೊಟ್ಯಾಸಿಯಂ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂಗೆ ಕೆ ಚಿಹ್ನೆ ಬಂದದ್ದು 'ಕೇಲಿಯಂ'ನಿಂದ, ಸೋಡಿಯಂಗೆ ಎನ್-ಎ ಬಂದದ್ದು 'ನೇಟ್ರಿಯಂ'ನಿಂದ. ಹಾಗಾಗಿ ಹೈಪೊನೇಟ್ರೀಮಿಯ ಎಂದರೆ ಸೋಡಿಯಂ ಕಡಿಮೆ. ಸಾಮಾನ್ಯ ಮಟ್ಟ ಪೊಟ್ಯಾಸಿಯಂಗೆ ಲೀಟರಿಗೆ ಸುಮಾರು 3.5ರಿಂದ 5, ಸೋಡಿಯಂಗೆ 135ರಿಂದ 145 ಮಿಲಿಮೋಲ್. ಲ್ಯಾಬ್‌ನಿಂದ ಲ್ಯಾಬ್‌ಗೆ ತುಸು ವ್ಯತ್ಯಾಸ ಇರುವುದರಿಂದ ವರದಿಯ ಬಲಬದಿಯಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಿ. ಹೈಪೊಕ್ಯಾಲ್ಸೀಮಿಯ ಬೇರೆ, ಅದು ಕ್ಯಾಲ್ಸಿಯಂ. ಅವಸರದಲ್ಲಿ ಓದಿದರೆ 'ಕಲ್' ಮತ್ತು 'ಕ್ಯಾಲ್ಸ್' ಒಂದೇ ಆಗಿಬಿಡುತ್ತವೆ.

ಹೆಪಟೊಸ್ಪ್ಲೀನೊಮೆಗಲಿಯನ್ನು ಈಗ ನೀವೇ ಬಿಡಿಸಬಹುದು: ಯಕೃತ್ತು, ಗುಲ್ಮ, ಎರಡೂ ದೊಡ್ಡದಾಗಿವೆ.

ಅವಳಿ ಪದಗಳು

ಡಿಸ್ಫೇಜಿಯ ಮತ್ತು ಡಿಸ್ಫೇಸಿಯ. ನಡುವೆ ಜಿ ಇದ್ದರೆ ನುಂಗುವ ಕಷ್ಟ, ಎಸ್ ಇದ್ದರೆ ಮಾತಿನ ಕಷ್ಟ. ಪಾರ್ಶ್ವವಾಯು ಆದವರ ಪತ್ರದಲ್ಲಿ ಎರಡೂ ಬರಬಹುದು. ಜಿ ಇರುವ ಪದ ಕಂಡರೆ, ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು.

ಇಲಿಯಮ್ ಎಂಬ ಉಚ್ಚಾರಕ್ಕೆ ಎರಡು ಕಾಗುಣಿತ. ಎಲ್ ನಂತರ ಇ ಬಂದರೆ ಸಣ್ಣ ಕರುಳಿನ ಕೊನೆಯ ಭಾಗ, ಐ ಬಂದರೆ ಸೊಂಟದ ಮೂಳೆ. ಯುರೀಟರ್ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ, ಯುರೀಥ್ರ ಮೂತ್ರಕೋಶದಿಂದ ಹೊರಗೆ ಬರುವ ನಾಳ. ಕಲ್ಲು ಯಾವುದರಲ್ಲಿ ಸಿಕ್ಕಿದೆ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. 'ಇಂಟರ್' ನಡುವೆ, 'ಇಂಟ್ರ' ಒಳಗೆ.

ಇನ್ನೊಂದು ಮಿತಿ ನೆನಪಿರಲಿ. ವೈದ್ಯರ ಹೆಸರಿನಿಂದ ಬಂದ ಪಾರ್ಕಿನ್ಸನ್, ಹಾಡ್ಜ್‌ಕಿನ್ ಮುಂತಾದವು ಬಿಡಿಸಿದರೂ ಏನೂ ಹೇಳುವುದಿಲ್ಲ. ಬಿಡಿಸಲು ಬಂದ ಪದವೂ ರೋಗ ಎಷ್ಟು ತೀವ್ರ ಎಂದು ಹೇಳುವುದಿಲ್ಲ. ತೀವ್ರತೆ ಪಕ್ಕದ ಸಣ್ಣ ಪದಗಳಲ್ಲಿರುತ್ತದೆ: 'ಮೈಲ್ಡ್' ಸೌಮ್ಯ, 'ಮಾಡರೇಟ್' ಮಧ್ಯಮ, 'ಸಿವಿಯರ್' ತೀವ್ರ. 'ಅಕ್ಯೂಟ್' ಎಂದರೆ ಹಠಾತ್ತನೆ ಬಂದದ್ದು, 'ಕ್ರಾನಿಕ್' ಎಂದರೆ ಬಹುಕಾಲದ್ದು. ಕ್ರಾನಿಕ್ ಎಂದಾಕ್ಷಣ ಕೈಮೀರಿದೆ ಎಂದಲ್ಲ.

ಕೈ ಪಳಗಿಸಲು ಒಂದು ದೊಡ್ಡದು

ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಇಂಗ್ಲಿಷ್ ಪದಗಳಲ್ಲೊಂದು ಇದೇ ಬಗೆಯದು. 45 ಅಕ್ಷರಗಳ ಇದು 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘವಾದ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಸಭೆಯಲ್ಲಿ, ಉದ್ದದ ಪದ ಬೇಕೆಂದೇ ಕಟ್ಟಿದ್ದು: ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. ಬಾಲ 'ಓಸಿಸ್', ಸ್ಥಿತಿ. ಅದರ ಹಿಂದೆ 'ಕೋನಿ', ಧೂಳು. 'ವಾಲ್ಕೇನೊ' ಜ್ವಾಲಾಮುಖಿ, 'ಸಿಲಿಕೊ' ಸಿಲಿಕ, 'ಅಲ್ಟ್ರಾಮೈಕ್ರೊಸ್ಕೋಪಿಕ್' ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ, 'ನ್ಯುಮೊನೊ' ಶ್ವಾಸಕೋಶ. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆ.

ಈ ಪದವನ್ನು ಯಾವ ವೈದ್ಯರೂ ಬರೆಯುವುದಿಲ್ಲ. ನಡುವಿನ ಅಲಂಕಾರ ತೆಗೆದರೆ ಉಳಿಯುವ ನ್ಯುಮೊಕೋನಿಯೋಸಿಸ್ ಮಾತ್ರ ನಿಜವಾದ ವರದಿಗಳಲ್ಲಿ ಬರುತ್ತದೆ, ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳಿಗೆಲ್ಲ ಅದೇ ಹೆಸರು. ಸಿಲಿಕ ಧೂಳಿನದಾದರೆ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಎದೆಯಲ್ಲಿ ಕಂಡದ್ದು ಅದು, ಕಲ್ಲು ಒಡೆಯುವ, ಕೊರೆಯುವ ಕೆಲಸದವರಿಗೆ ಇಂದಿಗೂ ಬರುತ್ತಿರುವುದು ಅದೇ. ಕಲ್ನಾರಿನದಾದರೆ ಆ್ಯಸ್ಬೆಸ್ಟೋಸಿಸ್, ಹತ್ತಿಯ ಧೂಳಿನದಾದರೆ ಬಿಸಿನೋಸಿಸ್. ಇಂಥ ಕೆಲಸ ಮಾಡಿದವರ ಎದೆಯ ಎಕ್ಸ್‌ರೇ ವರದಿಯಲ್ಲಿ ಈ ಬಾಲದ ಪದ ಕಂಡರೆ, ಯಾವ ಧೂಳಿನಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವರದಿಯ ಜೊತೆಗೆ ವೈದ್ಯರ ಕೈಗೆ ಕೊಡಿ.